ಒಂದು ಗೇಣು, ನಾಲ್ಕು ಬೆರಳು

ನಾಳೆ ಸನ್ಮಾನ. ದಾರೆಜಾನಳ ಬಗ್ಗೆ
ನಾಲ್ಕು ಮಾತಾಡು ಅಂದಿದ್ದಾರೆ.
ನನಗೆ ಬರುವುದು ಅಳತೆ ಮಾತ್ರ.
ಮೂವತ್ತೊಂದು ವರ್ಷ ಅದೇ ಕೆಲಸ:
ಟೇಪಿನ ಒಂದು ತುದಿ ಕ್ಯಾಮೆರಾದ ಕೊಕ್ಕೆಗೆ,
ಇನ್ನೊಂದು ಅವಳ ಕಣ್ಣಂಚಿಗೆ,
ಆಮೇಲೆ ಕತ್ತಲಲ್ಲಿ ಕೂತು
ಲೆನ್ಸಿನ ಬಳೆ ತಿರುಗಿಸುವುದು.
ಅವಳು ಚೊಕ್ಕವಾಗಿ ಕಂಡರೆ ನಾನು ಇಲ್ಲವೇ ಇಲ್ಲ.
ಮಸುಕಾದರೆ ಮಾತ್ರ
ಎಲ್ಲರೂ ನನ್ನ ಕಡೆ ತಿರುಗುತ್ತಾರೆ.

ಮೊದಲ ಸಲ ಅವಳಿದ್ದದ್ದು ಎಂಟು ಮಾರು ದೂರ,
ತ್ಬಿಲಿಸಿಯ ಬ್ರೆಡ್ಡಿನ ಸಾಲಿನಲ್ಲಿ, ಬೆನ್ನು ಹಾಕಿ.
ದಿನಕ್ಕೆ ಮೂರು ರೂಬಲ್ಲಿನ ಗುಂಪಿನವಳು.
ಫೋಕಸ್ಸು ನಾಯಕನ ಮೀಸೆಯ ಮೇಲೆ.
ಅವನ ಹಿಂದೆ, ಮಂಜು ಮಂಜಾದ ಮೂಲೆಯಲ್ಲಿ
ಒಂದು ಹೆಂಗಸು ಎಡ ಬೂಟಿನ ತುದಿಯಿಂದ
ಬಲಗಾಲಿನ ಮೀನಖಂಡ ಕೆರೆದುಕೊಂಡಳು.
ಅಷ್ಟೇ.
ಮರುದಿನ ರೀಲು ಹಾಕಿದಾಗ ಯಾರೂ ಮೀಸೆ ನೋಡಲಿಲ್ಲ.
'ಆ ಕಾಲು ಯಾರದು?' ಎಂದ ಡೈರೆಕ್ಟರ್.

ಕಾಲು ಚಿಯಾತುರಾದ್ದು. ಗಣಿಯ ಊರು.
ಅಲ್ಲಿ ತಂತಿಗೆ ಜೋತುಬಿದ್ದ ಕಬ್ಬಿಣದ ಡಬ್ಬಿಗಳಲ್ಲಿ
ಕೂಲಿಯವರನ್ನು ಬೆಟ್ಟಕ್ಕೆ ಹತ್ತಿಸಿ ಇಳಿಸುತ್ತಿದ್ದಳಂತೆ,
ಬಾಗಿಲು ಹಾಕುವುದು, ಗಂಟೆ ಹೊಡೆಯುವುದು.
'ಮುಖ ನೋಡಿದರೇ ಗೊತ್ತಾಗುತ್ತಿತ್ತು ಬೊಂದೋ,
ಯಾರ ಪಾಳಿ ಮುಗಿದಿದೆ,
ಯಾರ ಮದುವೆ ಮುಗಿದಿದೆ.'

ಆಮೇಲೆ ಕರೆಂಟೇ ಇಲ್ಲದ ವರ್ಷಗಳು.
ಸ್ಟುಡಿಯೋದ ನೆಲದ ಹಲಗೆ ಕಿತ್ತು ಒಲೆಗಿಟ್ಟೆವು.
ಅವಧಿ ಮುಗಿದ ಫಿಲ್ಮು, ಸಾಲದ ಜನರೇಟರು;
ಅದರಲ್ಲಿ ಅವಳು ನರ್ಸು. ಒಂದೇ ಮಾತು:
'ರಕ್ತ ಸಿಗಲಿಲ್ಲ.'
ಮೂರು ಮಾರು.
ಹೇಳುತ್ತ ಹೇಳುತ್ತ ಕೋಟಿನ ಗುಂಡಿ ಹಾಕಿಕೊಂಡಳು,
ತಪ್ಪು ಕಾಜಿಗೆ.
ಸಹಾಯಕಿ ಓಡಿ ಬಂದಳು ಸರಿಪಡಿಸಲು.
'ಮುಟ್ಟಬೇಡ,' ಎಂದಳು, 'ಬೇಕೆಂತಲೇ ತಪ್ಪಿದ್ದು.'

ತಕ್ಕಡಿಯ ಚಿತ್ರ ನೀವೆಲ್ಲ ನೋಡಿದವರೇ.
ಒಂದೂವರೆ ಗಂಟೆ ಮಾರ್ಕೆಟ್ಟಿನಲ್ಲಿ ಕೂತು
ಹುಳಿ ಪ್ಲಮ್ಮು ತೂಗಿ ತೂಗಿ
ಊರಿಗೆ ಊರನ್ನೇ ವಂಚಿಸುತ್ತಾಳೆ
ಕಿರುಬೆರಳಿನ ಭಾರದಲ್ಲಿ.
ಕೊನೆಗೆ ಆ ಮುದುಕನ ಚೀಲಕ್ಕೆ
ತೂಕ ಮುಗಿದ ಮೇಲೆ ಒಂದು ಹಣ್ಣು ಕೊಸರು ಹಾಕಿ
ಅವನಿಗಿಂತ ತಾನೇ ಬೆಚ್ಚುತ್ತಾಳೆ,
ಕೈ ಕೊಟ್ಟಿತೋ ಕದ್ದಿತೋ ತಿಳಿಯದ ಮುಖದಲ್ಲಿ.
ಆಗ ದೂರ ಒಂದು ಮೊಳ.
ಅಲ್ಲಿಂದ ಪೋಸ್ಟರಿನ ಮೇಲೆ ಅವಳ ಹೆಸರು ಹತ್ತುತ್ತ ಹೋಯಿತು,
ನನ್ನ ಟೇಪು ಗಿಡ್ಡವಾಗುತ್ತ ಬಂತು.

ಕೆಟ್ಟವೂ ಇದ್ದವು, ಮುಚ್ಚಿಡುವುದೇಕೆ.
ಒಂದು ಮೊಸರಿನ ಜಾಹೀರಾತು.
ಒಮ್ಮೆ ರಾಣಿಯಾಗಿ ಕುದುರೆಯೇರಿ, ಕಿವಿ ಮುಚ್ಚುವ ಕಿರೀಟ;
ಕುದುರೆಯೇ ವಾಸಿ ಎಂದರು ಜನ.
ಅಲ್ಲೂ ಫೋಕಸ್ಸು ಸರಿಯಾಗಿಯೇ ಹಿಡಿದೆ.
ಕ್ಷಮಿಸಿ.

ಇನ್ನೊಂದಿದೆ. ನಾಳೆ ವೇದಿಕೆಯಲ್ಲಿ ಹೇಳುವುದಿಲ್ಲ.

ಜೇನು ಸಾಕುವವಳ ಪಾತ್ರ. ಜೈಲಿನಿಂದ ಅಣ್ಣ ಬಂದು
ಅಂಗಳದಲ್ಲಿ ನಿಂತಿದ್ದಾನೆ. ಇವಳು ಕಿಟಕಿಯೊಳಗೆ.
ಒಂದು ಗೇಣು:
ನನ್ನ ಹೆಬ್ಬೆರಳು ಲೆನ್ಸಿಗೆ, ಕಿರುಬೆರಳು ಅವಳ ಕೆನ್ನೆಗೆ.
ಅಷ್ಟು ಹತ್ತಿರದಲ್ಲಿ ಉಸಿರಾಡಿದರೂ ಮಸುಕು.
ಆ ಚಳಿಗಾಲ ನನ್ನ ಕೈ ನಡುಗತೊಡಗಿತ್ತು.
ಹೆಂಡತಿಗೂ ಹೇಳಿರಲಿಲ್ಲ.

ಬಳೆ ಜಾರಿತು. ನಾಲ್ಕು ಬೆರಳು ತಪ್ಪಿತು.

ಅಣ್ಣನನ್ನು ನೋಡಬೇಕಾದವಳು
ಅರೆಕ್ಷಣ ನನ್ನ ಕೈ ನೋಡಿದಳು.
ಆಮೇಲೆ ಮೆಲ್ಲಗೆ ಮುಂದಕ್ಕೆ ಬಾಗಿದಳು,
ಹೊರಗೆ ನಿಂತವನು ನಿಜವಾಗಿ ಅವನೇನಾ ಎಂಬಂತೆ,
ಒಂದು, ಎರಡು, ಮೂರು, ನಾಲ್ಕನೆಯ ಬೆರಳಿಗೆ ನಿಂತಳು,
ನಾನು ತಪ್ಪಿದ ಜಾಗದಲ್ಲೇ,
ರೆಪ್ಪೆಯ ಒಂದೊಂದು ಕೂದಲೂ ಎಣಿಸುವಷ್ಟು ಚೊಕ್ಕವಾಗಿ.

ಪತ್ರಿಕೆಗಳು ಬರೆದವು:
ಇಪ್ಪತ್ತು ವರ್ಷದ ಮುನಿಸು ಕರಗಿದ್ದನ್ನು
ಸುಮ್ಮನೆ ಬಾಗಿ ತೋರಿಸಿದ ನಟಿ.
ಇರಬಹುದು. ಅದೂ ಸುಳ್ಳಲ್ಲ.

ಲೈಟು ಆರಿದ ಮೇಲೆ ಶಾಲು ಹೊದ್ದು ಹೊರಟವಳು
ನನ್ನ ಪಕ್ಕ ನಿಂತು,
'ಟೇಪಿನ ತುದಿ ತಣ್ಣಗೆ ಕೊರೆಯುತ್ತಿತ್ತು ಬೊಂದೋ,' ಎಂದಳು,
'ನಾಳೆ ಸ್ವಲ್ಪ ಹೊತ್ತು ಎರಡೂ ಕೈಯಲ್ಲಿ ಹಿಡಿದುಕೋ.'